ಮುಂದಿನ ಅಂಕಿ ಕಳಿಸು

ಮನೆಯವರು ಇಟ್ಟ ಹೆಸರು ಅವಳಿಗೆ ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಗೇಟು ಕಾಯುವವನಿಂದ ಹಿಡಿದು ಮೇಲಿನ ಸಾಹೇಬರವರೆಗೆ ಎಲ್ಲರಿಗೂ ಅವಳು ಸಿಳ್ಳೆಯಕ್ಕ. ಹೆಂಗಸು ಸಿಳ್ಳೆ ಹೊಡೆಯುವುದೇ ಎಂದು ಮೂಗು ಮುರಿಯುವವರು ಅಲ್ಲಿಯೂ ಇದ್ದರು. ಅಂಥವರು ಎಲ್ಲಿಲ್ಲ, ಬಿಡಿ! ಲೈನು ಕೆಟ್ಟಾಗ ಅವರೇ ಎಲ್ಲರಿಗಿಂತ ಮೊದಲು ಓಡಿ ಬಂದು, "ಅಕ್ಕಾ, ಒಂಚೂರು ಕೇಳಿ ನೋಡಿ" ಎಂದು ಹೆಡ್‌ಫೋನು ಮುಂದೆ ಹಿಡಿಯುತ್ತಿದ್ದರು. ಮದುವೆಯ ಮಾತು ಎತ್ತಿದವರನ್ನು ಅವಳು, "ಸಿಳ್ಳೆ ಹೊಡೆಯೋ ಸೊಸೆ ನಿಮ್ಮನೆಗೆ ಬೇಕಾ?" ಎಂದು ಕೇಳಿ ಸಾಗಹಾಕುತ್ತಿದ್ದಳು. ಅಣ್ಣ ಅತ್ತಿಗೆಯ ಮನೆಯೇ ಅವಳ ಮನೆ.

ಅವಳು ಕೆಲಸ ಕಲಿತದ್ದು ಯಂತ್ರಗಳನ್ನಿಟ್ಟ ಹಳೆಯ ಹಾಲಿನಲ್ಲಿ. ಆಳೆತ್ತರದ ಕಬ್ಬಿಣದ ಚೌಕಟ್ಟುಗಳು ಸಾಲು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ರಿಲೇ ಎಂಬ ಸಾವಿರಾರು ಸಣ್ಣ ಸ್ವಿಚ್ಚುಗಳು, ಊರು ಬಾಯಿ ತೆರೆದಾಗೆಲ್ಲ ಚಟಪಟ ಎನ್ನುವಂಥವು. ಬೆಳಿಗ್ಗೆ ಹತ್ತರ ಹೊತ್ತಿಗೆ ಸದ್ದು ಎಷ್ಟೆಂದರೆ ಪಕ್ಕದವರನ್ನು ಕೂಗಿ ಮಾತಾಡಿಸಬೇಕು. ಅಲ್ಲಿ ಕೆಲಸ ಮಾಡಿದವರು ಮನೆಗೆ ಹೋದರೂ ಕೂಗಿಯೇ ಮಾತಾಡುತ್ತಿದ್ದರು, ಹೆಂಡಂದಿರು ಬೈಯುತ್ತಿದ್ದರು.

ಎರಡು ಎಕ್ಸ್‌ಚೇಂಜುಗಳು ಒಂದರೊಡನೊಂದು ಹೇಗೆ ಮಾತಾಡುತ್ತವೆ ಎಂಬುದು ಫೋನೆತ್ತಿ ಹಲೋ ಅನ್ನುವ ನಮಗೆ ತಿಳಿಯುವುದಿಲ್ಲ. ನಂಬರು ತಿರುಗಿಸಿದ ಮೇಲೆ ಆಚೆ ಗಂಟೆ ಬಾರಿಸುವುದಕ್ಕೆ ಮುಂಚೆ ಒಂದು ಚೂರು ಮೌನವಿರುತ್ತದಲ್ಲ, ಅಷ್ಟರಲ್ಲೇ ಅವುಗಳ ಮಾತುಕತೆ ಮುಗಿದಿರುತ್ತದೆ. ಕರೆ ಮಾಡುವ ಎಕ್ಸ್‌ಚೇಂಜು ಮೊದಲು ಲೈನನ್ನು ಹಿಡಿಯುತ್ತದೆ. ಆಚೆಯ ಊರಿನ ಹಾಲಿನಲ್ಲಿ ಒಂದು ದೀಪ ಹತ್ತುತ್ತದೆ. ಆಮೇಲೆ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿ ಮೊದಲ ಅಂಕಿ ಹೇಳುತ್ತದೆ. ಹೇಳಿ ಸುಮ್ಮನಾಗುವುದಿಲ್ಲ. ಆಚೆಯಿಂದ 'ಬಂತು, ಮುಂದಿನ ಅಂಕಿ ಕಳಿಸು' ಎಂಬ ಉತ್ತರ ಬರುವವರೆಗೆ ನುಡಿಸುತ್ತಲೇ ಇರುತ್ತದೆ. ಆ ಉತ್ತರವೂ ಎರಡು ಸ್ವರಗಳ ಜೋಡಿಯೇ. ಉತ್ತರ ಕಿವಿಗೆ ಬಿದ್ದ ಮೇಲೆ ಅಂಕಿ ಹೇಳಿದವನು ನಿಲ್ಲಿಸಬೇಕು. ಅವನು ನಿಲ್ಲಿಸಿದ್ದು ತಿಳಿದ ಮೇಲೆ ಉತ್ತರ ಕೊಟ್ಟವನು ನಿಲ್ಲಿಸಬೇಕು. ಆಗ ಮುಂದಿನ ಅಂಕಿ. ತುಂಬಿದ ಕೊಡವನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ, ಅವರು ಹಿಡಿದರು ಎಂದು ಗೊತ್ತಾಗದೆ ಇವರು ಬಿಡುವಂತಿಲ್ಲ. ಹೀಗೆ ಅಂಕಿ ಹೇಳಿ ದಾರಿ ಕೇಳುವ ಸ್ವರಗಳೆಲ್ಲ ಮೇಲಿನವು, ಉತ್ತರದ ಸ್ವರಗಳೆಲ್ಲ ಕೆಳಗಿನವು. ತನ್ನ ಮಾರ್ದನಿಯನ್ನೇ ಯಾರದೋ ಉತ್ತರವೆಂದು ನಂಬಿ ಯಂತ್ರ ಮೋಸಹೋಗಬಾರದು ಎಂದು ಹಾಗೆ ಮಾಡಿದ್ದರು. ಮನುಷ್ಯರಿಗೂ ಇಂಥದೊಂದು ಏರ್ಪಾಡು ಇದ್ದಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು.

ಅವಳ ಅಣ್ಣನೂ ಅದೇ ಹಾಲಿನಲ್ಲಿ ಇದ್ದ. ಚಿಕ್ಕಂದಿನಿಂದ ಇಬ್ಬರಿಗೂ ಸಿಳ್ಳೆಯ ಹುಚ್ಚು. ಒಬ್ಬರ ಬಾಯಿಂದ ಹೊರಡುವುದು ಒಂದೇ ಸ್ವರ, ಯಂತ್ರ ಕೇಳುವುದು ಎರಡು. ಸರಿ, ನಾವೂ ಇಬ್ಬರಿದ್ದೇವಲ್ಲ ಎಂದು ಒಂದು ದಿನ ಅಣ್ಣ ತಂಗಿ ಪರೀಕ್ಷೆಯ ಮೇಜಿನ ಮುಂದೆ ಕೂತು, ಉತ್ತರದ ಜೋಡಿಯಲ್ಲಿ ಮೇಲಿನದು ಅವಳು, ಕೆಳಗಿನದು ಅವನು, 'ಮುಂದಿನ ಅಂಕಿ ಕಳಿಸು' ಎಂದು ಸಿಳ್ಳೆ ಹಾಕಿದರು. ಹತ್ತಿರ ಹತ್ತಿರದ ಎರಡು ಸ್ವರಗಳು ಸೇರಿ ಕಿವಿಯ ಒಳಗೆ ನಡುಗಿದವು. ಆಚೆಯ ಯಂತ್ರ ಮರುಮಾತಿಲ್ಲದೆ ನಂಬಿ ಮುಂದಿನ ಅಂಕಿ ಕಳಿಸಿತು. ಸೊಂಟದಲ್ಲಿ ಸದಾ ಕೀಲಿಗೊಂಚಲು ಝಣಗುಟ್ಟಿಸಿಕೊಂಡು ಓಡಾಡುವ ಮೇಲ್ವಿಚಾರಕರು, ಕೀಲಿ ಸಾಹೇಬರು ಎಂದೇ ಅವರಿಗೆ ಹೆಸರು, ಹಿಂದೆ ಬಂದು ನಿಂತದ್ದು ಇಬ್ಬರಿಗೂ ತಿಳಿಯಲಿಲ್ಲ. "ಸರ್ಕಸ್ಸಿಗೆ ಹೋಗಬೇಕಾದವರು ದಾರಿ ತಪ್ಪಿ ನನ್ನ ಹಾಲಿಗೆ ಬಂದಿದ್ದೀರಿ" ಎಂದು ಬೈದು, ಆಮೇಲೆ ಬಾಗಿಲು ಹಾಕಿಕೊಂಡು, "ಎಲ್ಲಿ, ಇನ್ನೊಂದ್ಸಲ ಮಾಡಿ" ಎಂದಿದ್ದರು.

ಅಣ್ಣನಿಗೆ ಮನೆಯಲ್ಲೂ ಆ ಕೆಳಸ್ವರದ್ದೇ ಚಟ. ಅಡುಗೆಮನೆಯಲ್ಲಿ ಕೂತು ಒಂದೇ ಸ್ವರ ಊದುತ್ತಿದ್ದ. "ನಿಮ್ಮಣ್ಣಂಗೆ ಹೇಳೇ, ಹಾಲು ಒಡೆದುಹೋಗುತ್ತೆ" ಎಂದು ಅತ್ತಿಗೆ ಗೊಣಗುತ್ತಿದ್ದಳು. ಅತ್ತಿಗೆಗೆ ಅವನ ಮೇಲೆ ಇದ್ದ ಇನ್ನೊಂದು ದೂರು ತಟ್ಟೆಯದು. ಉಂಡ ತಟ್ಟೆಯನ್ನು ಅವನು ತಾನೇ ತೊಳೆಯುತ್ತಿದ್ದ, ಒಳ್ಳೆಯದೇ. ಆದರೆ ಬೋರಲು ಹಾಕದೆ ಹಾಗೇ ಅಂಗಾತ ಇಟ್ಟು ಎದ್ದುಹೋಗುತ್ತಿದ್ದ. ತಟ್ಟೆಯ ತುಂಬ ನೀರು ನಿಂತಿರುತ್ತಿತ್ತು. ಇಷ್ಟು ವರ್ಷ ಹೇಳಿದರೂ ಆ ತಟ್ಟೆ ಬೋರಲಾಗಲಿಲ್ಲ.

ಆಮೇಲೆ ಅವನನ್ನು ಗುಡ್ಡದಾಚೆಯ ಗಣಿಯ ಎಕ್ಸ್‌ಚೇಂಜಿಗೆ ಹಾಕಿದರು. ಒಂದು ಕೋಣೆ, ಒಬ್ಬನೇ ಆಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದ. ಊಟವಾದ ಮೇಲೆ ಲೈನಿನ ಪರೀಕ್ಷೆಗೆಂದು ದಿನವೂ ತಂಗಿಯ ಮೇಜಿಗೆ ಕರೆ ಮಾಡುತ್ತಿದ್ದ. ಗಣಿ ಬರಿದಾಯಿತು, ಜನ ಖಾಲಿಯಾದರು, ನೆಲ ಅಲ್ಲಲ್ಲಿ ಬಿರುಕು ಬಿಟ್ಟಿತು. ಸಾಮಾನು ಬಿಚ್ಚಿ ತರಲು ಉಳಿದವನು ಅವನೊಬ್ಬನೇ. ಒಂದು ಮಧ್ಯಾಹ್ನ ಊಟದ ಹೊತ್ತು ಮುಗಿದರೂ ಅವನ ಕರೆ ಬರಲಿಲ್ಲ. ಎಕ್ಸ್‌ಚೇಂಜಿನ ಕೋಣೆಯ ಸಮೇತ ನೆಲ ಒಳಕ್ಕೆ ಕುಸಿದಿತ್ತು. ಅಗೆದರು, ಅಗೆದಷ್ಟೂ ಮಣ್ಣು ಜಾರುತ್ತಿತ್ತು. ಕೊನೆಗೆ ಕೈಚೆಲ್ಲಿದರು.

"ಕಣ್ಣಾರೆ ನೋಡದೆ ನಾನು ಹೇಗೆ ನಂಬಲಿ?" ಎಂದಳು ಅತ್ತಿಗೆ. ಅಷ್ಟೇ, ಅತ್ತದ್ದೂ ಇಲ್ಲ. ಅಂದಿನಿಂದ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಹೊಸ್ತಿಲು ದಾಟುವುದಿಲ್ಲ. ಯಾರಾದರೂ ಫೋನು ಮಾಡಿದರೆ, "ಲೈನ್ ಬಿಡಿ, ಅವರು ಮಾಡ್ತಾರೆ" ಎಂದು ಇಟ್ಟುಬಿಡುವಳು. ದಿನವೂ ಅವನಿಗೊಂದು ತಟ್ಟೆಯಲ್ಲಿ ಬಡಿಸಿ ಮುಚ್ಚಿಡುವಳು, ಸಂಜೆ ಅದು ಬೀದಿನಾಯಿಗೆ. ತಾನು ಮಾತ್ರ ಎರಡು ತುತ್ತಿಗೆ ಕೈ ತೊಳೆಯುವಳು. ಡಾಕ್ಟರು ಸಿಳ್ಳೆಯಕ್ಕನನ್ನು ಹೊರಗೆ ಕರೆದು, "ಹೀಗೇ ಆದ್ರೆ ಇವರೂ ಉಳಿಯಲ್ಲಮ್ಮ" ಎಂದರು. ಅಣ್ಣನನ್ನು ನೆಲ ನುಂಗಿತು, ಅತ್ತಿಗೆಯನ್ನು ಆ ಕುರ್ಚಿ ನುಂಗುತ್ತಿದೆ ಎಂದು ಸಿಳ್ಳೆಯಕ್ಕನಿಗೆ ಹೆದರಿಕೆ. ರೇಗಿದಳು, ಬೇಡಿಕೊಂಡಳು, ತಾನೂ ಊಟ ಬಿಟ್ಟು ನೋಡಿದಳು. ಯಾವುದೂ ನಡೆಯಲಿಲ್ಲ.

ಇದೇ ಹೊತ್ತಿಗೆ ಮೇಲಿನ ಮಹಡಿಗೆ ಹೊಸ ಎಕ್ಸ್‌ಚೇಂಜು ಬಂತು. ಅದು ಕಪಾಟಿನಷ್ಟು ಗಾತ್ರದ ಮೂಗಿ. ಸ್ವರವಿಲ್ಲ, ಸದ್ದಿಲ್ಲ, ಬೇರೆ ಊರಿನೊಂದಿಗೆ ಬೇರೆಯೇ ತಂತಿಯಲ್ಲಿ ಗುಟ್ಟಾಗಿ ಮಾತು ಮುಗಿಸುತ್ತದೆ. ಹಳೆಯ ಹಾಲನ್ನು ಬಿಚ್ಚತೊಡಗಿದರು. ಸ್ವರ ಹುಟ್ಟಿಸುವ ಯಂತ್ರವನ್ನೇ ಮೊದಲು ಸಾಗಿಸಿದರು. ಅಂಕಿ ಕೇಳಿ ಉತ್ತರ ಕೊಡುವ ಪೆಟ್ಟಿಗೆಗಳನ್ನು ಆಮೇಲೆ. ಬ್ಯಾಟರಿ, ಕೆಲವು ದೀಪಗಳು, ಪರೀಕ್ಷೆಯ ಮೇಜು ಇಷ್ಟು ಉಳಿದಿದ್ದವು. ಬಿಚ್ಚಿದ್ದನ್ನು ಎಣಿಸಿ ಲಾರಿಗೆ ಹಾಕಿಸುವ ಕೆಲಸ ಸಿಳ್ಳೆಯಕ್ಕನದು. ಅಷ್ಟು ಗದ್ದಲದ ಹಾಲಿನಲ್ಲಿ ಈಗ ತನ್ನ ಚಪ್ಪಲಿಯ ಸದ್ದೇ ಹಿಂದಿನಿಂದ ಯಾರೋ ಬಂದಂತೆ ಕೇಳಿ ಅವಳು ತಿರುಗಿ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಊಟದ ಡಬ್ಬಿ ತೊಳೆದು ಬರುವಾಗ ಗಣಿಯ ಲೈನಿನ ದೀಪ ಹತ್ತಿತ್ತು.

ಕೀಲಿ ಸಾಹೇಬರನ್ನು ಕರೆದಳು. ಅವರು ಕನ್ನಡಕ ಒರೆಸಿ ಮತ್ತೆ ನೋಡಿ, "ಕೇಬಲ್ಲಿಗೆ ನೀರು ಹೋಗಿರುತ್ತೆ, ತಂತಿಗೆ ತಂತಿ ತಾಗಿರುತ್ತೆ" ಎಂದರು. ಸರಿಯಾದ ಮಾತೇ. ಅವಳು ಹೆಡ್‌ಫೋನು ಹಾಕಿ ಆ ಲೈನಿಗೆ ಚುಚ್ಚಿದಳು.  ತಕ್ಷಣ ಹೆಡ್‌ಫೋನನ್ನು ಸಾಹೇಬರ ಕಿವಿಗಿಟ್ಟಳು.

ಎರಡು ಸ್ವರಗಳು. ತೆಳುವಾಗಿ, ದೂರದಿಂದ, ಉಸಿರು ತೆಗೆದುಕೊಳ್ಳದೆ.

"ಮಾರ್ದನಿ ಇರಬೇಕು" ಎಂದರು ಸಾಹೇಬರು, ಆದರೆ ದನಿ ತಗ್ಗಿತ್ತು.

"ಯಾವುದರ ಮಾರ್ದನಿ ಸಾರ್? ಈ ಹಾಲಲ್ಲಿ ಸ್ವರ ಎಲ್ಲಿದೆ? ಇದು ಕೇಳೋ ಜೋಡಿ. ಅಂಕಿ ಎರಡು ಅಂತಿದೆ."

"ಎರಡಾ? ಊರಿನ ನಂಬರೆಲ್ಲ ಎರಡರಿಂದಲೇ ಶುರು. ಯಾರಿಗೆ ಅಂತ ಹೇಳೋಣ?" ಎಂದವರು ತಾವೇ ಬೆಚ್ಚಿದರು.

ಮೀಟರು ಇಟ್ಟು ನೋಡಿದರು. ತಂತಿ ಗುಡ್ಡದಾಚೆ ತುಂಡಾಗಿದೆ, ಅದರ ತುದಿಯಲ್ಲಿ ಏನೂ ಇಲ್ಲ ಎಂದಿತು ಮೀಟರು. ಸಾಹೇಬರು ಮೀಟರನ್ನು ಮಲಗಿದ ಮಗುವನ್ನು ಇಳಿಸುವ ಹಾಗೆ ಮೇಜಿನ ಮೇಲೆ ಇಳಿಸಿದರು. ಅದೇ ಮೊದಲ ಅಂಕಿ, ಅದೇ ಎರಡು, ಮಧ್ಯಾಹ್ನವಿಡೀ ಕೇಳುತ್ತಲೇ ಇತ್ತು. ಉತ್ತರ ಬಾರದಿದ್ದರೆ ತುಸು ಹೊತ್ತು ನೋಡಿ ಕರೆ ಬಿಟ್ಟುಬಿಡುವುದು ಯಂತ್ರದ ರೂಢಿ. ಇದು ಬಿಡಲಿಲ್ಲ. ಗಣಿಯ ಕಡೆಯಿಂದ ಸಂಜೆಯ ಬಸ್ಸು ಬರುವ ಹೊತ್ತಿಗೆ ದೀಪ ಆರಿತು.

ಮರುದಿನವೂ ಹಾಗೇ. ಊಟದ ಹೊತ್ತು ಮುಗಿಯಿತು, ದೀಪ ಹತ್ತಿತು.

"ನಾಳೆ ಬ್ಯಾಟರಿ ತೆಗೀತಾರೆ. ಅಲ್ಲಿಗೆ ಎಲ್ಲ ಮುಗಿಯುತ್ತೆ, ನೀನು ತಲೆ ಕೆಡಿಸ್ಕೋಬೇಡಮ್ಮ" ಎಂದರು ಸಾಹೇಬರು. ಅವರ ಕೀಲಿಗೊಂಚಲು ಝಣಗುಟ್ಟಲಿಲ್ಲ. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು.

ಅವಳು ಒಬ್ಬಳೇ ಕೂತು ತನ್ನ ಸ್ವರ ಹಾಕಿ ನೋಡಿದಳು. ಕೇಳುವ ಜೋಡಿ ನಿಲ್ಲಲಿಲ್ಲ. ಒಂದೇ ಸ್ವರವನ್ನು ಆ ಕಿವಿ ಒಪ್ಪುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಆದರೂ ತುಟಿ ಒಣಗುವವರೆಗೆ ಊದಿದಳು. ಅತ್ತಿಗೆಗೆ ಹೇಳಿದರೆ ಅವಳ ಕಾಯುವಿಕೆ ಮತ್ತಷ್ಟು ಬೇರು ಬಿಡುತ್ತದೆ. ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡರೆ, ನಾಳೆ ಬ್ಯಾಟರಿ ಹೋದ ಮೇಲೆ ಜನ್ಮವಿಡೀ ಈ ಸ್ವರ ತನ್ನ ಕಿವಿ ಕೊರೆಯುತ್ತದೆ. ಕೊನೆಗೆ ಎದ್ದಳು. ಊರಿನ ಮನೆಗಳ ತಂತಿಗಳೆಲ್ಲ ಬಂದು ಸೇರುವ ಕೋಣೆ ಪಕ್ಕದಲ್ಲೇ ಇತ್ತು. ಅಲ್ಲಿಂದ ತಮ್ಮ ಮನೆಯ ಫೋನಿನ ಲೈನಿಗೆ ಒಂದು ತಂತಿ ಎಳೆದು ಮೇಜಿಗೆ ತಂದಳು. ಗಂಟೆಯ ಸ್ವಿಚ್ಚು ಒತ್ತಿದಳು.

ಮೊದಲ ಗಂಟೆಗೇ ಅತ್ತಿಗೆ ಎತ್ತಿದಳು. "ಹಲೋ?"

"ನಾನು ಅತ್ತಿಗೆ. ಇಡಬೇಡಿ. ಗಣಿ ಲೈನಲ್ಲಿ ಏನೋ ಬರ್ತಿದೆ, ಕೇಳಿ." ಎರಡು ಲೈನುಗಳನ್ನೂ ಸೇರಿಸಿದಳು.

ಅತ್ತಿಗೆ ಬಹಳ ಹೊತ್ತು ಕೇಳಿದಳು. "ಯಾರೋ ಬಾಗಿಲಲ್ಲಿ ನಿಂತು ಒಂದೇ ಸಮ ಕೇಳ್ತಿರೋ ಹಾಗಿದೆ ಕಣೇ. ಏನು ಕೇಳ್ತಿದ್ದಾರೆ?"

"ಮುಂದೆ ಎಲ್ಲಿಗೆ ಅಂತ. ನಾವು ಉತ್ತರ ಕೊಟ್ಟರೆ ತಾನೇ ಒಂದೊಂದೇ ಅಂಕಿ ದಾಟಿ ಬರೋಕಾಗೋದು?"

"ಕೊಡೇ ಮತ್ತೆ! ಏನು ನೋಡ್ತಾ ಕೂತಿದ್ದೀಯಾ?"

"ಎರಡು ಸ್ವರ ಬೇಕು ಅತ್ತಿಗೆ. ನನ್ನ ಹತ್ರ ಒಂದೇ ಇರೋದು. ಇನ್ನೊಂದು ಅಣ್ಣಂದು."

ಆಚೆ ಕುರ್ಚಿ ಕಿರುಗುಟ್ಟಿತು. ಆಮೇಲೆ ರಿಸೀವರಿನಿಂದ ಒಂದು ಸಿಳ್ಳೆ ಬಂತು, ಕೆಳಗಿನ ಸ್ವರ, ಕೂದಲೆಳೆಯಷ್ಟೂ ಆಚೀಚೆ ಇಲ್ಲದ್ದು. 

"ಇದೇ ಅಲ್ವಾ?" ಎಂದಳು ಅತ್ತಿಗೆ, ಕದ್ದು ಸಿಕ್ಕಿಬಿದ್ದವಳ ಹಾಗೆ. "ಇಷ್ಟು ವರ್ಷ ಅಡುಗೆಮನೇಲಿ ಊದಿದ್ದಾರೆ. ಅವರು ಬಸ್ಸಿಗೆ ಹೋದ್ಮೇಲೆ ನಾನೂ ಊದ್ತಿದ್ದೆ. ನಿಮ್ಮಿಬ್ಬರಿಗೂ ಹೇಳಿರಲಿಲ್ಲ."

ಇಬ್ಬರೂ ಒಟ್ಟಿಗೆ ಹಾಕಿದರು. ಆದರೆ ಫೋನಿನ ತಂತಿ ಹಾದು ಬಂದ ಅತ್ತಿಗೆಯ ಸ್ವರ ಸೊರಗಿ ನೂಲಾಗಿತ್ತು. ಗಣಿಯ ಲೈನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ತಾಳು, ಬಂದೆ" ಎಂದು ಅತ್ತಿಗೆ ರಿಸೀವರು ಇಟ್ಟಳು.

ಅಣ್ಣ ಹೋದ ಮೇಲೆ ಮೊದಲ ಸಲ ಅವಳು ಹೊಸ್ತಿಲು ದಾಟಿದಳು. ಎರಡು ಬೀದಿಯಾಚೆಯ ದಾರಿ. ಬೀಗ ಹಾಕಿದ ಕೀಲಿಕೈ ಅಂಗೈಯಲ್ಲಿ ಹಿಡಿದು, ಏದುಸಿರು ಬಿಡುತ್ತ ಹಾಲಿಗೆ ಬಂದಾಗ ಕೀಲಿ ಸಾಹೇಬರು ಬಾಗಿಲಲ್ಲೇ ಇದ್ದರು. ಹೊರಗಿನವರನ್ನು ಒಳಗೆ ಬಿಡುವ ಹಾಗಿಲ್ಲ ಎಂಬ ಫಲಕ ಅವರ ತಲೆಯ ಮೇಲೇ ಇತ್ತು. ಅವರು ಪಕ್ಕಕ್ಕೆ ಸರಿದು, "ಹೋಗಮ್ಮ" ಎಂದರು.

ಇಬ್ಬರೂ ಒಂದೇ ಮೈಕಿಗೆ ಮುಖ ಒಡ್ಡಿ ಕೂತರು. ಒಂದೇ ಹೆಡ್‌ಫೋನು, ಆಳಿಗೊಂದು ಕಿವಿ. ಕಿಟಕಿಯಿಂದ ಬಿಸಿಲು ಬಂದು ಖಾಲಿ ಚೌಕಟ್ಟುಗಳ ನೆರಳನ್ನು ನೆಲದ ಮೇಲೆ ಹಾಸಿತ್ತು. ಸಿಳ್ಳೆಯಕ್ಕ ಕೈ ಎತ್ತಿ ಇಳಿಸಿದಳು. ಎರಡು ಸ್ವರಗಳು ಹೊರಟು, ಸೇರಿ, ನಡುಗಿದವು.

ಎರಡು ದಿನ ಯಾವುದಕ್ಕೂ ಜಗ್ಗದ ಆ ಕೇಳುವ ಜೋಡಿ ಥಟ್ಟನೆ ನಿಂತಿತು.

"ನಿಲ್ಲಿಸಿ" ಎಂದಳು ಸಿಳ್ಳೆಯಕ್ಕ. ನಿಲ್ಲಿಸಿದರು. ಒಂದು ಉಸಿರಿನಷ್ಟು ಮೌನ. ಆಮೇಲೆ ಬೇರೊಂದು ಜೋಡಿ ಬಂತು.

"ಏಳು" ಎಂದಳು ಸಿಳ್ಳೆಯಕ್ಕ.

ಮತ್ತೆ ಉತ್ತರ ಕೊಟ್ಟರು. "ನಾಲ್ಕು." ಬಾಗಿಲಲ್ಲಿದ್ದ ಸಾಹೇಬರು ಒಂದು ಹೆಜ್ಜೆ ಒಳಗೆ ಬಂದರು. ಮುಂದಿನ ಅಂಕಿ ಬರುವ ಮೊದಲೇ ಅತ್ತಿಗೆ ಪಿಸುಗುಟ್ಟಿದಳು, "ಒಂಬತ್ತು." ಒಂಬತ್ತೇ ಬಂತು. ಕೊನೆಯ ಅಂಕಿಯನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೂವರಿಗೂ ಬಾಯಿಪಾಠವಾಗಿದ್ದ ಮನೆಯ ನಂಬರು ಅದು.

ಕೊನೆಯ ಅಂಕಿಗೆ ಉತ್ತರವೇ ಬೇರೆ: 'ಸಾಕು, ಎಲ್ಲ ಬಂತು'. ಅದಕ್ಕೆ ಇಬ್ಬರೂ ಒಂದೊಂದು ಮೆಟ್ಟಿಲು ಇಳಿಯಬೇಕು. "ನೀವು ಇನ್ನೂ ಸ್ವಲ್ಪ ಕೆಳಗೆ ಹಾಕಿ. ನಾನು ಅಣ್ಣಂದು ಹಾಕ್ತೀನಿ" ಎಂದಳು. ಅಣ್ಣನ ಸ್ವರವನ್ನು ತನ್ನ ತುಟಿಯಲ್ಲಿ ಹಿಡಿದಾಗ ಅವಳ ಕಣ್ಣು ಮಂಜಾಯಿತು. ಆಚೆಯ ಜೋಡಿ ನಿಂತಿತು. ಅವಳು ನಿಲ್ಲಿಸಿದಳು.

ಅತ್ತಿಗೆ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿ, ಊದುತ್ತಲೇ ಇದ್ದಳು. ಉಸಿರು ಮುಗಿದರೆ ಎಳೆದುಕೊಂಡು ಮತ್ತೆ ಊದಿದಳು. ಲೈನು ಅಲ್ಲೇ ಕಾದು ನಿಂತಿತ್ತು, ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

"ಅತ್ತಿಗೆ, ಬಿಡಿ."

ತಲೆಯಾಡಿಸಿದಳು.

"ಅವನು ಹೇಳೋದೆಲ್ಲ ಹೇಳಿ ಮುಗಿಸಿದ. ನೀವು ನಿಲ್ಲಿಸದೆ ಅವನು ಮುಂದೆ ಹೋಗೋಕಾಗಲ್ಲ. ಬಿಡಿ ಅತ್ತಿಗೆ, ನನ್ನಾಣೆ." ಸಿಳ್ಳೆಯಕ್ಕ ಅವಳ ಕೈ ಹಿಡಿದುಕೊಂಡಳು. ಅಳುವೆಲ್ಲ ಆ ಒಂದು ಸ್ವರದಲ್ಲೇ ಸಿಕ್ಕಿಕೊಂಡಿತ್ತು. ಅದು ನಡುಗಿತು, ಒಡೆಯಿತು, ನಿಂತಿತು. ಅತ್ತಿಗೆ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿದಳು. ಇಷ್ಟು ದಿನಗಳಲ್ಲಿ ಅವಳು ಅತ್ತದ್ದು ಅದೇ ಮೊದಲು.

ಕರೆಯನ್ನು ಮನೆಗೆ ದಾಟಿಸಲು ಸಿಳ್ಳೆಯಕ್ಕ ಗಂಟೆಯ ಸ್ವಿಚ್ಚು ಒತ್ತಿದಳು. ಹೆಡ್‌ಫೋನಿನಲ್ಲಿ ಮನೆಯ ಫೋನು ಬಾರಿಸುವುದು ಕೇಳಿತು. ಅತ್ತಿಗೆ ಥಟ್ಟನೆ ತಲೆಯೆತ್ತಿದಳು.

"ಅಯ್ಯೋ, ಮನೇಲಿ ಯಾರೂ ಇಲ್ವಲ್ಲೇ!"

ನಿಜ. ಅದು ಇಬ್ಬರಿಗೂ ಹೊಳೆದಿರಲೇ ಇಲ್ಲ. ಇಷ್ಟು ದಿನ ಹಗಲೂ ಇರುಳೂ ಫೋನಿನ ಪಕ್ಕ ಕೂತವಳು, ಕರೆ ಬರುವ ಹೊತ್ತಿಗೆ ಸರಿಯಾಗಿ ಇಲ್ಲಿದ್ದಾಳೆ. ಎದ್ದು ಓಡಲು ಹೊರಟಳು, ಹೆಡ್‌ಫೋನಿನ ತಂತಿ ಎಳೆದು ಕೂರಿಸಿತು. ಬೀಗ ಹಾಕಿದ ಮನೆಯಲ್ಲಿ ಗಂಟೆ ಬಾರಿಸಿತು, ನಿಂತಿತು, ಮತ್ತೆ ಬಾರಿಸಿತು.

ಮೇಜಿನ ಹಸಿರು ದೀಪ ಹತ್ತಿತು. ಆಚೆ ರಿಸೀವರು ಎತ್ತಿದಾಗ ಹತ್ತುವ ದೀಪ ಅದು.

 ಹೆಡ್‌ಫೋನಿನಲ್ಲಿ ಅವರ ಮನೆ ಕೇಳುತ್ತಿತ್ತು: ಗೋಡೆಯ ಗಡಿಯಾರ, ಅಡುಗೆಮನೆಯ ನಲ್ಲಿಯ ತೊಟ್ಟು, ಯಾರೋ ಕೂತ ಹಾಗೆ ಕುರ್ಚಿಯ ಕಿರುಗುಟ್ಟು. ಅತ್ತಿಗೆ ಅಂಗೈ ಬಿಡಿಸಿ ಕೀಲಿಕೈಯನ್ನು ನೋಡಿದಳು. ಅದು ಅಲ್ಲೇ ಇತ್ತು.

ಸ್ವಲ್ಪ ಹೊತ್ತಿಗೆ ಗಣಿಯ ಲೈನಿನ ದೀಪ ಆರಿತು. ಆಮೇಲೆ, ಮೆಲ್ಲನೆ ಇಟ್ಟ ಹಾಗೆ, ಹಸಿರು ದೀಪವೂ ಆರಿತು. ಸಿಳ್ಳೆಯಕ್ಕ ಗಣಿಯ ಲೈನಿಗೆ ಮತ್ತೆ ಕಿವಿ ಕೊಟ್ಟಳು. ಏನೂ ಇರಲಿಲ್ಲ, ತುಂಡಾದ ತಂತಿಯ ಬರಿಯ ಮೌನ. "ನಾಳೆ ಬ್ಯಾಟರಿ ತೆಗೆಸಬಹುದು ಸಾರ್" ಎಂದಳು. ಕೀಲಿ ಸಾಹೇಬರು ಇಬ್ಬರಿಗೂ ಬಾಗಿಲು ತೆರೆದು ಹಿಡಿದರು.

ಮನೆಯ ಬೀಗ ಹಾಕಿದಂತೆಯೇ ಇತ್ತು. ಅತ್ತಿಗೆ ಬಾಗಿಲು ತೆರೆದು, ಸ್ವಲ್ಪ ನಿಂತು, ಒಳಗೆ ಹೋದಳು. ಫೋನು ತನ್ನ ಜಾಗದಲ್ಲಿತ್ತು. ಹೊರಡುವ ಮುಂಚೆ ಅಣ್ಣನಿಗೆಂದು ಬಡಿಸಿ ಮುಚ್ಚಿಟ್ಟ ತಟ್ಟೆ ಅದರ ಜಾಗದಲ್ಲಿ ಇರಲಿಲ್ಲ. ಇಬ್ಬರೂ ಅಡುಗೆಮನೆಗೆ ಹೋದರು.

ತಟ್ಟೆ ತೊಳೆದಿತ್ತು. ನಲ್ಲಿಯ ಪಕ್ಕ ಅಂಗಾತ ಇತ್ತು, ಒಳಗೆ ನೀರು ನಿಂತಿತ್ತು.

ಸಿಳ್ಳೆಯಕ್ಕ ಗೋಡೆಗೆ ಒರಗಿದಳು. ಅವಳಿಗೆ ಭಯವಾಯಿತು, ನಿಜ ಹೇಳಬೇಕೆಂದರೆ ತುಂಬಾ ಭಯವಾಯಿತು. ಅತ್ತಿಗೆಯ ಮುಖದಲ್ಲಿ ಭಯವಿರಲಿಲ್ಲ. ಅವಳು ತಟ್ಟೆಯ ನೀರು ಚೆಲ್ಲಿದಳು, ಸೆರಗಿನಿಂದ ಒರೆಸಿದಳು, ಶೆಲ್ಫಿನ ಮೇಲೆ ಬೋರಲು ಹಾಕಿದಳು.

"ಎಷ್ಟು ಸಲ ಹೇಳಿದ್ರೂ ಅಷ್ಟೇ" ಎಂದಳು. ಮತ್ತೆ, ಈಚೆ ತಿರುಗದೆ, "ದಾರಿ ಕೇಳ್ತಿದ್ರು ಪಾಪ, ಅಷ್ಟೇ. ನಾನು ನೋಡಿದ್ರೆ ಮಾತಾಡ್ತಾರೆ ಅಂತ ಕೂತಿದ್ದೆ. ಮನೆ ಮುಟ್ಟಿದ್ರಲ್ಲ, ಸಾಕು."

ಸಂಜೆಯ ಬಸ್ಸು ಹೋದ ಸದ್ದು ಬೀದಿಯಲ್ಲಿ ಕೇಳಿತು. ಅತ್ತಿಗೆ ತಲೆಯೆತ್ತಲಿಲ್ಲ. ಫೋನಿನ ಪಕ್ಕದ ಕುರ್ಚಿಯನ್ನು ಎತ್ತಿಕೊಂಡು ಬಂದು ಅಡುಗೆಮನೆಯ ಮೇಜಿಗೆ ಹಾಕಿದಳು.

"ಹೊಟ್ಟೆ ಹಸೀತಿದೆ ಕಣೇ" ಎಂದಳು. "ಎರಡೇ ತಟ್ಟೆ ಇಡು."